ರೆಪ್ಪೆ ಪೂರ್ತಿ ಮುಚ್ಚದಿದ್ದರೆ ಕಣ್ಣನ್ನು ಕಾಪಾಡಿಕೊಳ್ಳುವುದು ಹೇಗೆ

ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಲು ಹೋದರೆ ನೀರು ಒಂದು ಪಕ್ಕದಿಂದ ಸೋರಿಹೋಗುತ್ತದೆ. ಕನ್ನಡಿ ನೋಡಿದರೆ ಬಾಯಿ ಒಂದು ಕಡೆಗೆ ಎಳೆದುಕೊಂಡಿದೆ, ಒಂದು ಕಣ್ಣನ್ನು ಎಷ್ಟು ಬಿಗಿದರೂ ಮುಚ್ಚಲು ಬರುತ್ತಿಲ್ಲ. ‘ಗಾಳಿ ಹೊಡೆದಿದೆ’ ಎನ್ನುತ್ತಾರೆ ಕೆಲವರು, ‘ಲಕ್ವ’ ಎನ್ನುತ್ತಾರೆ ಮತ್ತೆ ಕೆಲವರು. ಮನೆಯವರ ಗಮನವೆಲ್ಲ ಸೊಟ್ಟಗಾದ ಬಾಯಿಯ ಮೇಲೆಯೇ ಇರುತ್ತದೆ. ಊಟ ಸರಿಯಾಗಿ ಸೇರುವುದಿಲ್ಲ, ಮಾತು ತೊದಲುತ್ತದೆ, ಬಂದವರೆಲ್ಲ ಕೇಳುತ್ತಾರೆ. ಆ ಚಿಂತೆ ಸಹಜವೇ. ಆದರೆ ನಿಜವಾದ ಅಪಾಯ ಇರುವುದು ಕಣ್ಣಿಗೆ. ನರ ಚೇತರಿಸಿಕೊಳ್ಳಲು ವಾರಗಳೋ ತಿಂಗಳುಗಳೋ ಬೇಕು. ಕರಿಗುಡ್ಡೆಯ ಮೇಲಿರುವ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಅಷ್ಟು ಕಾಲ ಒಣಗಿಕೊಂಡು ಕಾಯುವುದಿಲ್ಲ. ಆ ಅವಧಿಯನ್ನು ಕಣ್ಣಿಗೆ ಹಾನಿಯಾಗದಂತೆ ದಾಟುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ.

ರೆಪ್ಪೆ ಏಕೆ ಮುಚ್ಚುವುದಿಲ್ಲ

ರೆಪ್ಪೆಯನ್ನು ಎತ್ತುವ ಸ್ನಾಯು ಬೇರೆ, ಮುಚ್ಚುವ ಸ್ನಾಯು ಬೇರೆ. ಎರಡಕ್ಕೂ ಬರುವ ನರಗಳೂ ಬೇರೆ ಬೇರೆ. ಮುಚ್ಚುವ ಕೆಲಸ ಕಣ್ಣಿನ ಸುತ್ತ ಉಂಗುರದಂತಿರುವ ಸ್ನಾಯುವಿನದು. ಅದಕ್ಕೆ ಆಜ್ಞೆ ಹೋಗುವುದು ಏಳನೆಯ ಕಪಾಲ ನರದಿಂದ, ಅಂದರೆ ಮುಖದ ನರದಿಂದ. ಆ ನರ ಕೈಕೊಟ್ಟರೆ ನಾಲೆಯ ತೂಬನ್ನು ಎತ್ತುವವನು ಇದ್ದು ಇಳಿಸುವವನು ಇಲ್ಲದ ಹಾಗಾಗುತ್ತದೆ. ಕಣ್ಣು ತೆರೆದಿದ್ದು ತೆರೆದೇ ಇರುತ್ತದೆ.

ಇದಕ್ಕೆ ಸಾಮಾನ್ಯ ಕಾರಣ ಬೆಲ್ಸ್ ಪಾಲ್ಸಿ. ಒಂದೆರಡು ದಿನಗಳಲ್ಲಿ ಮುಖದ ಅರ್ಧಭಾಗ ಸೋಲುತ್ತದೆ, ಕಿವಿಯ ಹಿಂದೆ ನೋವಿರಬಹುದು, ನಾಲಿಗೆಯ ಒಂದು ಪಕ್ಕದ ರುಚಿ ಹೋಗಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಗರ್ಭಿಣಿಯರಲ್ಲಿ ಇದು ಹೆಚ್ಚು. ಕಿವಿಯೊಳಗೆ ನೀರ್ಗುಳ್ಳೆಗಳು ಎದ್ದು ತೀವ್ರ ನೋವಿದ್ದರೆ ಅದು ಸರ್ಪಸುತ್ತಿನ ವೈರಾಣು ಮುಖದ ನರಕ್ಕೆ ತಗುಲಿದ್ದು; ಅದಕ್ಕೆ ಔಷಧಿ ಬೇರೆ, ತಡಮಾಡುವಂತಿಲ್ಲ. ಬಹುಕಾಲ ಸೋರುವ ಕಿವಿ, ತಲೆಗೆ ಬಿದ್ದ ಪೆಟ್ಟು, ಕಿವಿಯ ಮುಂದಿನ ಜೊಲ್ಲುಗ್ರಂಥಿಯ ಶಸ್ತ್ರಚಿಕಿತ್ಸೆ, ಮಿದುಳಿನ ಬುಡದಲ್ಲಿ ಬೆಳೆಯುವ ಗಡ್ಡೆ ಇವೂ ಕಾರಣವಾಗಬಹುದು. ನರ ಸರಿಯಿದ್ದೂ ರೆಪ್ಪೆ ಸಾಲದೆ ಹೋಗುವ ಸಂದರ್ಭಗಳೂ ಇವೆ: ಥೈರಾಯ್ಡ್ ಕಾಯಿಲೆಯಿಂದ ಕಣ್ಣುಗುಡ್ಡೆ ಮುಂದಕ್ಕೆ ಉಬ್ಬಿದಾಗ, ಸುಟ್ಟಗಾಯ ಅಥವಾ ಅಪಘಾತದ ಗಾಯ ಮಾಯುವಾಗ ಚರ್ಮ ಎಳೆದುಕೊಂಡಾಗ.

ಕುಷ್ಠರೋಗವನ್ನು ಇಲ್ಲಿ ಹೆಸರಿಸಿಯೇ ಹೇಳಬೇಕು, ಏಕೆಂದರೆ ನಾಚಿಕೆಯಿಂದ ಜನ ಅದನ್ನು ಮುಚ್ಚಿಡುತ್ತಾರೆ. ಆ ಕಾಯಿಲೆಯಲ್ಲಿ ರೆಪ್ಪೆಯ ನರದ ಜೊತೆಗೆ ಕಾರ್ನಿಯಾದ ಸ್ಪರ್ಶಜ್ಞಾನವೂ ಹೋಗಬಹುದು. ರೆಪ್ಪೆ ಮುಚ್ಚದು, ಕಸ ಬಿದ್ದರೆ ಗೊತ್ತೂ ಆಗದು. ಕೈಕಾಲು ಜೋಮು ಹಿಡಿಯುತ್ತಿದ್ದರೆ, ಮೈಮೇಲೆ ಸ್ಪರ್ಶ ತಿಳಿಯದ ಮಚ್ಚೆಗಳಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ. ಬಹುಔಷಧ ಚಿಕಿತ್ಸೆ ಅಲ್ಲಿ ಉಚಿತ. ಆರು ಅಥವಾ ಹನ್ನೆರಡು ತಿಂಗಳಿನದು. ರೆಪ್ಪೆ ಸೋತು ಆರು ತಿಂಗಳೊಳಗೆ ಬಂದವರಿಗೆ ನರ ಮರಳಿ ಚುರುಕಾಗುವ ಅವಕಾಶ ಹೆಚ್ಚು.

ಮೊದಲ ದಿನ ಮಾಡಬೇಕಾದದ್ದು

ಹಣೆಯನ್ನು ನೋಡಿ. ಹುಬ್ಬು ಮೇಲೆತ್ತಲು ಹೇಳಿದಾಗ ಸೋತ ಪಕ್ಕದ ಹಣೆಯಲ್ಲಿ ಗೆರೆ ಮೂಡದಿದ್ದರೆ ತೊಂದರೆ ಸಾಮಾನ್ಯವಾಗಿ ಮುಖದ ನರದ್ದು. ಹಣೆಯ ಗೆರೆಗಳು ಎರಡೂ ಕಡೆ ಸರಿಯಾಗಿ ಮೂಡಿ ಬಾಯಿ ಮಾತ್ರ ಸೊಟ್ಟಗಾಗಿದ್ದರೆ, ಅಥವಾ ಅದೇ ಹೊತ್ತಿಗೆ ಕೈಕಾಲು ಸೋತಿದ್ದರೆ, ಮಾತು ಬಿದ್ದುಹೋಗಿದ್ದರೆ, ನಡೆಯುವಾಗ ವಾಲುತ್ತಿದ್ದರೆ ಅದನ್ನು ಮಿದುಳಿನ ಪಾರ್ಶ್ವವಾಯು ಎಂದೇ ಭಾವಿಸಿ 108ಕ್ಕೆ ಕರೆ ಮಾಡಿ. ರಕ್ತದ ಗರಣೆ ಕರಗಿಸುವ ಚುಚ್ಚುಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ. ಅನುಮಾನ ಬಂದರೂ ಸಾಕು, ಹೊರಡಿ. ಮನೆಯಲ್ಲಿ ಕುಳಿತು ಹಣೆಯ ಗೆರೆ ಎಣಿಸುತ್ತ ಹೊತ್ತು ಕಳೆಯಬೇಡಿ.

ಮುಖದ ನರದ್ದೇ ಆದರೂ ಅದೇ ದಿನ ವೈದ್ಯರನ್ನು ಕಾಣುವುದು ಒಳ್ಳೆಯದು. ಬೆಲ್ಸ್ ಪಾಲ್ಸಿಗೆ ಕೊಡುವ ಸ್ಟೀರಾಯ್ಡ್ ಮಾತ್ರೆ 72 ಗಂಟೆಗಳ ಒಳಗೆ ಶುರುವಾದರೆ ನರ ಪೂರ್ತಿ ಸರಿಹೋಗುವ ಸಾಧ್ಯತೆ ಹೆಚ್ಚುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಆ ಮಾತ್ರೆಯಿಂದ ಸಕ್ಕರೆ ಏರುತ್ತದೆ, ಆದ್ದರಿಂದ ಮೊದಲೇ ಹೇಳಿ, ದಿನವೂ ಪರೀಕ್ಷಿಸಿಕೊಳ್ಳಿ. ಮೂರು ದಿನ ನಾಟಿ ಎಣ್ಣೆ ಹಚ್ಚಿ ನೋಡೋಣ, ಆಮೇಲೆ ಮೈಸೂರಿಗೆ ಹೋದರಾಯಿತು ಎನ್ನುವವರು ಕಳೆದುಕೊಳ್ಳುವುದು ಇದೇ ಮೂರು ದಿನಗಳನ್ನು. ಕೆನ್ನೆಗೆ ಎಣ್ಣೆ ಹಚ್ಚಿದರೆ ನಷ್ಟವೇನಿಲ್ಲ, ಮಾತ್ರೆಯ ಜೊತೆಗೇ ಹಚ್ಚಿಕೊಳ್ಳಲಿ. ಕಣ್ಣಿನೊಳಕ್ಕೆ ಮಾತ್ರ ನಂದಿಬಟ್ಟಲ ಹೂವಿನ ರಸವನ್ನಾಗಲಿ, ಹರಳೆಣ್ಣೆಯನ್ನಾಗಲಿ, ಎದೆಹಾಲನ್ನಾಗಲಿ ಬಿಡಬಾರದು. ಒಣಗಿ ತರಚಿದ ಕಾರ್ನಿಯಾಕ್ಕೆ ಸೋಂಕು ತಗುಲಲು ಅಷ್ಟೇ ಸಾಕು.

ಮೈಸೂರಿನವರಿಗೆ ದೊಡ್ಡಾಸ್ಪತ್ರೆ, ಅಂದರೆ ಕೃಷ್ಣರಾಜೇಂದ್ರ ಆಸ್ಪತ್ರೆ, ಮಂಡ್ಯದವರಿಗೆ ಮಿಮ್ಸ್ ಇವೆರಡೂ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳು. ಕಣ್ಣು, ಕಿವಿ-ಮೂಗು-ಗಂಟಲು ಮತ್ತು ಮೆಡಿಸಿನ್ ವಿಭಾಗಗಳು ಒಂದೇ ಆವರಣದಲ್ಲಿ ಸಿಗುತ್ತವೆ. ನರಕ್ಕೆ ಔಷಧಿ ಬರೆಸಿಕೊಂಡು ನೇರ ಮನೆಗೆ ಬರಬೇಡಿ. ಅದೇ ಚೀಟಿ ಹಿಡಿದು ಕಣ್ಣಿನ ವಿಭಾಗಕ್ಕೂ ಹೋಗಿ. ಅಲ್ಲಿ ಕಿತ್ತಳೆ ಬಣ್ಣದ ಕಾಗದದ ಪಟ್ಟಿಯಿಂದ ಕಣ್ಣಿಗೆ ಬಣ್ಣ ಹಾಕಿ ನೀಲಿ ಬೆಳಕಿನಲ್ಲಿ ನೋಡುತ್ತಾರೆ. ಕಾರ್ನಿಯಾ ಒಣಗಿ ತರಚಿದ ಜಾಗ ಹಸಿರಾಗಿ ಹೊಳೆಯುತ್ತದೆ. ಬಣ್ಣ ಹಾಕುವ ಮುಂಚೆ ಹತ್ತಿಯ ಎಳೆಯಿಂದ ಮುಟ್ಟಿ ಸ್ಪರ್ಶ ಇದೆಯೇ ಎಂದೂ ನೋಡುತ್ತಾರೆ. ಅವರು ಮಾಡದಿದ್ದರೆ ನೀವೇ ಕೇಳಿ. ಸ್ಪರ್ಶವಿಲ್ಲದ ಕಣ್ಣಿನ ಕಾವಲು ದುಪ್ಪಟ್ಟು ಬಿಗಿಯಾಗಿರಬೇಕು.

ಎಷ್ಟು ತೆರೆದಿರುತ್ತದೆ, ಮನೆಯಲ್ಲೇ ನೋಡಿಕೊಳ್ಳಿ

ರೋಗಿಯನ್ನು ಕೂರಿಸಿ, ನಿದ್ದೆಗೆ ಮುಚ್ಚುವ ಹಾಗೆ ಹಗುರವಾಗಿ ಕಣ್ಣು ಮುಚ್ಚಲು ಹೇಳಿ. ಬಲವಂತವಾಗಿ ಬಿಗಿದರೆ ಮುಚ್ಚಬಹುದು, ಆದರೆ ನಿದ್ದೆಯಲ್ಲಿ ಯಾರೂ ಬಿಗಿಯುವುದಿಲ್ಲ. ಸಂದಿಯಲ್ಲಿ ಬಿಳಿ ಮಾತ್ರ ಕಾಣುತ್ತದೆಯೋ, ಕಪ್ಪೂ ಕಾಣುತ್ತದೆಯೋ? ಮುಚ್ಚಲು ಹೋದಾಗ ಹೆಚ್ಚಿನವರ ಕಣ್ಣುಗುಡ್ಡೆ ತಾನಾಗಿ ಮೇಲಕ್ಕೆ ಸರಿದು ಕರಿಗುಡ್ಡೆ ಮೇಲಿನ ರೆಪ್ಪೆಯ ಮರೆಗೆ ಹೋಗುತ್ತದೆ. ಇದು ದೇಹದ ಸ್ವಂತ ರಕ್ಷಣೆ. ಕಪ್ಪು ಅಲ್ಲಿಯೇ ನಿಂತು ನಿಮ್ಮನ್ನೇ ನೋಡುತ್ತಿದ್ದರೆ ಅಪಾಯ ಹೆಚ್ಚು, ಸಂದಿ ಚಿಕ್ಕದಿದ್ದರೂ ಸಹ.

ಮುಖ ಸೋಲದೆ, ನಿದ್ದೆಯಲ್ಲಿ ಮಾತ್ರ ರೆಪ್ಪೆ ತುಸು ತೆರೆದಿರುವವರೂ ಇದ್ದಾರೆ. ಇವರಿಗೆ ತಮ್ಮ ತೊಂದರೆ ತಿಳಿದೇ ಇರುವುದಿಲ್ಲ. ಬೆಳಿಗ್ಗೆ ಕಣ್ಣು ಕೆಂಪು, ಮರಳು ಬಿದ್ದ ಹಾಗೆ ಚುಚ್ಚು, ಹತ್ತು ಗಂಟೆಯ ಹೊತ್ತಿಗೆ ಕಡಿಮೆ, ಮರುದಿನ ಮತ್ತೆ ಅದೇ. ಮನೆಯವರು ರಾತ್ರಿ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದು ವೈದ್ಯರಿಗೆ ತೋರಿಸಿದರೆ ಅರ್ಧ ಪರೀಕ್ಷೆ ಮುಗಿದಂತೆ. ಎಳೆಮಕ್ಕಳು ಅರೆಗಣ್ಣು ತೆರೆದು ಮಲಗುವುದು ಸಾಮಾನ್ಯ. ಕಣ್ಣು ಕೆಂಪಾಗದಿದ್ದರೆ ಚಿಂತೆ ಬೇಡ.

ಹಗಲಿನ ಆರೈಕೆ

ಎಲ್ಲರೂ ಕೇಳುವ ಪ್ರಶ್ನೆ: ಕಣ್ಣಿನಿಂದ ಧಾರಾಕಾರ ನೀರು ಸುರಿಯುತ್ತಿದೆ, ಒಣಗಿದೆ ಎನ್ನುತ್ತೀರಲ್ಲ? ಕೆಳರೆಪ್ಪೆ ಜೋಲುಬಿದ್ದಾಗ ಕಣ್ಣೀರು ಮೂಗಿನ ಕಡೆಯ ಸಣ್ಣ ರಂಧ್ರಕ್ಕೆ ಹೋಗದೆ ಕೆನ್ನೆಗೆ ಹರಿಯುತ್ತದೆ. ರೆಪ್ಪೆ ಬಡಿಯದಿದ್ದರೆ ಆ ನೀರು ಕಾರ್ನಿಯಾದ ಮೇಲೆ ಹರಡುವುದೂ ಇಲ್ಲ. ಸಾಲದ್ದಕ್ಕೆ ಒಣಗಿದ ಕಣ್ಣು ಉರಿಯಿಂದ ಇನ್ನಷ್ಟು ನೀರು ಸುರಿಸುತ್ತದೆ. ನೀರು ಬರುತ್ತಿದೆ ಎಂದು ಡ್ರಾಪ್ಸ್ ನಿಲ್ಲಿಸುವುದು ತೀರಾ ಸಾಮಾನ್ಯವಾದ ತಪ್ಪು ಲೆಕ್ಕ.

ಕೃತಕ ಕಣ್ಣೀರು ಎಂದು ಕೊಡುವ ಡ್ರಾಪ್ಸ್‌ನಲ್ಲಿ ಹೆಚ್ಚಾಗಿ ಇರುವುದು ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, 0.5 ಅಥವಾ 1 ಶೇಕಡಾ. ಎಚ್ಚರವಿರುವಷ್ಟು ಹೊತ್ತು ಒಂದೆರಡು ಗಂಟೆಗೊಮ್ಮೆ ಹಾಕಲು ಹೇಳಿದ್ದರೆ ಗಡಿಯಾರ ನೋಡಿ ಹಾಕಿ, ಉರಿ ಬಂದಾಗ ಹಾಕೋಣ ಎಂದು ಕಾಯಬೇಡಿ. ಇಷ್ಟು ಸಲ ಹಾಕುವವರು ಪ್ರಿಸರ್ವೇಟಿವ್ ಇಲ್ಲದ ಬಗೆಯನ್ನೇ ಬರೆದುಕೊಡಲು ಕೇಳಿ. ಪ್ರಿಸರ್ವೇಟಿವ್ ಇರುವ ಹನಿಗಳನ್ನು ದಿನಕ್ಕೆ ಹತ್ತು ಹನ್ನೆರಡು ಸಲ ಹಾಕಿದರೆ ಅದೇ ಕಾರ್ನಿಯಾವನ್ನು ಕೆರಳಿಸುತ್ತದೆ. ಸೀಸೆಯ ತುದಿ ರೆಪ್ಪೆಗೆ ತಾಗಬಾರದು. ತೆರೆದ ದಿನಾಂಕವನ್ನು ಸೀಸೆಯ ಮೇಲೆ ಬರೆದು, ಲೇಬಲ್ಲಿನಲ್ಲಿ ಹೇಳಿದ ಅವಧಿ ಮುಗಿದ ಮೇಲೆ ಎಸೆಯಿರಿ. ಅನೇಕ ಸೀಸೆಗಳಿಗೆ ಅದು ಒಂದು ತಿಂಗಳು.

ಔಷಧಿ ಅಂಗಡಿಯಲ್ಲಿ ‘ಕೆಂಪು ಇಳಿಯುವ ಡ್ರಾಪ್ಸ್ ಕೊಡಿ’ ಎಂದು ಕೇಳುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಹೀಗೆ ಕೊಡುವುದರಲ್ಲಿ ಸ್ಟೀರಾಯ್ಡ್ ಇದ್ದರೆ, ಕಣ್ಣಿನಲ್ಲಿ ಶಿಲೀಂಧ್ರದ ಹುಣ್ಣು ಇದ್ದರೆ, ಕೆಂಪು ಇಳಿಯುತ್ತ ಹುಣ್ಣು ಒಳಗೊಳಗೇ ಆಳವಾಗುತ್ತದೆ. ಮಂಡ್ಯ ಜಿಲ್ಲೆಯಂಥ ಕಡೆ ಇದು ಬರೀ ಪುಸ್ತಕದ ಎಚ್ಚರಿಕೆಯಾಗಿ ಉಳಿಯುವುದಿಲ್ಲ. ಕಬ್ಬಿನ ಸೋಗೆ ಗೀರಿದ ಕಣ್ಣು, ಭತ್ತದ ಒಕ್ಕಣೆಯಲ್ಲಿ ಸುಂಕು ಬಿದ್ದ ಕಣ್ಣು ಇಂಥ ಶಿಲೀಂಧ್ರಕ್ಕೆ ಹೆಸರಾದವು. ಗಿಡಮರದ ಚೂರಿನ ಜೊತೆಗೇ ಅದು ಕಣ್ಣು ಸೇರುತ್ತದೆ. ರೆಪ್ಪೆ ಮುಚ್ಚದವರು ಕಟಾವಿಗೆ, ಒಕ್ಕಣೆಗೆ ಹೋಗದಿರುವುದೇ ಮೇಲು. ಹೋಗಲೇಬೇಕೆಂದರೆ ಪಕ್ಕ ಮುಚ್ಚಿದ ಪಾರದರ್ಶಕ ಕನ್ನಡಕ ಬೇಕು. ಹಾರ್ಡ್‌ವೇರ್ ಅಂಗಡಿಯಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಕೆಲಸದವರಿಗೆಂದು ಮಾರುವ ಬಿಳಿ ಗಾಗಲ್ಸ್ ಸಾಕು.

ನಮ್ಮ ಸೋದರಮಾವನದು ಪಾಂಡವಪುರದ ಹತ್ತಿರ ಆಲೆಮನೆ. ಮುಖ ಸೋತ ಮೇಲೂ ಅವರು ಕೊಪ್ಪರಿಗೆಯ ಪಕ್ಕ ನಿಂತೇ ಪಾಕ ನೋಡುತ್ತಿದ್ದರು. ಆ ಕಾವು, ಕಬ್ಬಿನ ಸಿಪ್ಪೆ ಉರಿಸಿದ ಹೊಗೆ, ಮೇಲೆ ಹಾರುವ ಬೂದಿ ಎಲ್ಲವೂ ಮುಚ್ಚದ ಕಣ್ಣಿಗೆ ನೇರ. ‘ಪಾಕ ಕೈಗೆ ಗೊತ್ತು ಮಾವ, ಕಣ್ಣು ಯಾಕೆ ಒಡ್ಡುತ್ತೀರಿ’ ಎಂದರೆ, ‘ಪಾಕ ನೋಡದೆ ಇಳಿಸುವವನು ಬೆಲ್ಲ ಮಾಡುತ್ತಾನೇನೋ’ ಎಂದು ನನಗೇ ಗದರಿದರು. ಕೊನೆಗೆ ಗಾಗಲ್ಸ್ ಹಾಕಿಕೊಳ್ಳಲು ಒಪ್ಪಿದರು, ಅದೂ ಅದನ್ನು ಹಾಕಿಕೊಂಡರೆ ಹೊಗೆಯಲ್ಲೂ ಕೊಪ್ಪರಿಗೆ ಚೆನ್ನಾಗಿ ಕಾಣುತ್ತದೆ ಎಂಬ ಕಾರಣಕ್ಕೆ.

ಗಾಳಿಯನ್ನು ತಪ್ಪಿಸುವುದೇ ಹಗಲಿನ ಉಳಿದ ಕೆಲಸ. ಬೈಕಿನಲ್ಲಿ ಮುಖ ಪೂರ್ತಿ ಮುಚ್ಚುವ ಹೆಲ್ಮೆಟ್, ಗಾಜು ಇಳಿಸಿದ್ದು. ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಕ್ಕೆ 2023ರ ಆಗಸ್ಟ್ 1ರಿಂದ ಬೈಕು, ಆಟೊಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯ ಧೂಳೇ ಗತಿ. ಕೆಲವು ವಾರ ಬಸ್ಸಿನಲ್ಲಿ ಓಡಾಡುವುದು ಜಾಣತನ. ಬಸ್ಸಿನಲ್ಲೂ ಕಿಟಕಿ ಪಕ್ಕ ಬೇಡ. ಸಿಕ್ಕಿದ್ದು ಅದೊಂದೇ ಸೀಟಾದರೆ, ಬಲಗಣ್ಣು ಸೋತವರು ಎಡಸಾಲಿನಲ್ಲಿ, ಎಡಗಣ್ಣು ಸೋತವರು ಬಲಸಾಲಿನಲ್ಲಿ ಕುಳಿತರೆ ಆ ಕಣ್ಣು ಒಳಗಡೆಗೆ ಬರುತ್ತದೆ.

ಟಿವಿ, ಮೊಬೈಲ್ ನೋಡುವಾಗ ಆರೋಗ್ಯವಂತರೂ ರೆಪ್ಪೆ ಬಡಿಯುವುದು ಕಡಿಮೆ. ಆಗಾಗ ಬೆರಳಿನ ಹಿಂಬದಿಯಿಂದ ಮೇಲಿನ ರೆಪ್ಪೆಯನ್ನು ಮೆಲ್ಲಗೆ ಕೆಳಗಿಳಿಸಿ ಎರಡು ಕ್ಷಣ ಹಿಡಿಯಿರಿ. ಜಾಹೀರಾತು ಬಂದಾಗಲೆಲ್ಲ ಹೀಗೆ ಮಾಡುವುದೆಂದು ಇಟ್ಟುಕೊಂಡರೆ ಮರೆಯುವುದಿಲ್ಲ. ಕಾಡಿಗೆ, ಕಾಂಟ್ಯಾಕ್ಟ್ ಲೆನ್ಸ್ ಸದ್ಯಕ್ಕೆ ಬೇಡ.

ರಾತ್ರಿಯ ಆರೈಕೆ

ಇಡೀ ಲೇಖನದಲ್ಲಿ ಒಂದೇ ಭಾಗವನ್ನು ಓದುವವರು ಇದನ್ನು ಓದಿ. ಹಗಲು ಕಣ್ಣು ಉರಿದರೆ ಮನುಷ್ಯ ಏನಾದರೂ ಮಾಡುತ್ತಾನೆ. ರಾತ್ರಿ ಏಳೆಂಟು ಗಂಟೆ ಫ್ಯಾನಿನ ಕೆಳಗೆ ತೆರೆದ ಕಣ್ಣು ಒಣಗುತ್ತಿದ್ದರೂ ಅವನಿಗೆ ಎಚ್ಚರವಾಗುವುದಿಲ್ಲ.

ಕೈ ತೊಳೆದು, ಒದ್ದೆ ಬಟ್ಟೆಯಿಂದ ರೆಪ್ಪೆ ಮತ್ತು ಕೆನ್ನೆಮೂಳೆಯ ಚರ್ಮವನ್ನು ಒರೆಸಿ ಪೂರ್ತಿ ಒಣಗಿಸಿ. ಮುಖಕ್ಕೆ ಹಚ್ಚಿದ ಎಣ್ಣೆ ಉಳಿದಿದ್ದರೆ ಟೇಪ್ ಮಧ್ಯರಾತ್ರಿಯ ಹೊತ್ತಿಗೆ ಕಿತ್ತುಬರುತ್ತದೆ. ಡ್ರಾಪ್ಸ್ ಹಾಕುವುದಿದ್ದರೆ ಮೊದಲು ಹಾಕಿ, ಐದು ಹತ್ತು ನಿಮಿಷ ಬಿಟ್ಟು ಮುಲಾಮು. ರೋಗಿ ಮೇಲಕ್ಕೆ ನೋಡುತ್ತಿರಲಿ. ಕೆಳರೆಪ್ಪೆಯನ್ನು ಎಳೆದು ಒಳಗಿನ ಕೆಂಪು ಜಾಗದಲ್ಲಿ ಅಕ್ಕಿಕಾಳಿನುದ್ದ ಮುಲಾಮು ಇಡಿ. ವೈದ್ಯರು ಬರೆದ ಕಣ್ಣಿನ ಮುಲಾಮು ಮಾತ್ರ, ಚರ್ಮಕ್ಕೆ ಹಚ್ಚುವ ವ್ಯಾಸಲೀನ್ ಕಣ್ಣಿನೊಳಗೆ ಬೇಡ. ಕಣ್ಣು ಮಂಜಾಗುತ್ತದೆ, ಆದ್ದರಿಂದ ಮಲಗುವ ಮುನ್ನದ ಓಡಾಟವೆಲ್ಲ ಮುಗಿದಿರಲಿ. ಹೊರಗೆ ಮೆತ್ತಿದ್ದನ್ನು ಒರೆಸಿಬಿಡಿ.

ಈಗ ರೋಗಿ ಕೆಳಕ್ಕೆ ನೋಡಬೇಕು. ಮೇಲಿನ ರೆಪ್ಪೆಯನ್ನು ಬೆರಳಿನಿಂದ ಮೆಲ್ಲಗೆ ಇಳಿಸಿ, ಕೆಳರೆಪ್ಪೆಗೆ ತಾಗುವವರೆಗೂ ತಂದು ಹಿಡಿಯಿರಿ. ಆಸ್ಪತ್ರೆಯಲ್ಲಿ ಬ್ಯಾಂಡೇಜಿಗೆ ಬಳಸುವ ಬಿಳಿ ಪೇಪರ್ ಟೇಪಿನ ತುಂಡನ್ನು ಮೇಲಿನ ರೆಪ್ಪೆಯ ನಡುವಿನಿಂದ ಶುರುಮಾಡಿ ಓರೆಯಾಗಿ ಕೆಳಕ್ಕೆ, ಹೊರಕ್ಕೆ ಎಳೆದು ಕೆನ್ನೆಮೂಳೆಯ ಮೇಲೆ ಅಂಟಿಸಿ. ತುದಿಯನ್ನು ತುಸು ಮಡಚಿಟ್ಟರೆ ಬೆಳಿಗ್ಗೆ ಹಿಡಿದು ತೆಗೆಯಲು ಅನುಕೂಲ. ಬಳಿಕ ಟಾರ್ಚ್ ಬಿಟ್ಟು ನೋಡಿ: ರೆಪ್ಪೆಗಳ ನಡುವೆ ಕೂದಲೆಳೆಯಷ್ಟೂ ಬಿಳಿ ಕಾಣಬಾರದು. ಟೇಪಿನ ಅಡಿಯಲ್ಲಿ ಕಣ್ಣು ತೆರೆದುಕೊಂಡರೆ ಟೇಪೇ ಕಾರ್ನಿಯಾವನ್ನು ಉಜ್ಜುತ್ತದೆ, ಅದಕ್ಕಿಂತ ಹಾಕದಿರುವುದೇ ವಾಸಿ. ಇದೇ ಕಾರಣಕ್ಕೆ ಹತ್ತಿ ಅಥವಾ ಗಾಜ್ ಬಟ್ಟೆಯ ಉಂಡೆಯನ್ನು ತೆರೆದ ಕಣ್ಣಿನ ಮೇಲಿಟ್ಟು ಕಟ್ಟಬಾರದು. ಮೊದಲ ಸಲ ಆಸ್ಪತ್ರೆಯ ನರ್ಸ್ ಕೈಯಲ್ಲಿ ಮಾಡಿಸಿ ನೋಡಿಕೊಂಡರೆ ಕೈ ಕುದುರುತ್ತದೆ. ನಮ್ಮ ಅತ್ತೆ ಇದನ್ನು ಎಷ್ಟು ಅಚ್ಚುಕಟ್ಟಾಗಿ ಕಲಿತರೆಂದರೆ, ಮಾವ ಟೇಪ್ ಹಚ್ಚಿದ ಮೇಲೆ ಬೀಡಿ ಹುಡುಕಿಕೊಂಡು ಏಳುವ ಅಭ್ಯಾಸವೂ ನಿಂತಿತು.

ಟೇಪಿಗೆ ಚರ್ಮ ಕೆಂಪಾಗುವವರಿಗೆ, ವಯಸ್ಸಾಗಿ ಚರ್ಮ ತೆಳುವಾದವರಿಗೆ ಇನ್ನೊಂದು ದಾರಿಯಿದೆ: ಮುಲಾಮು ಹಾಕಿ, ಕಣ್ಣಿನ ಸುತ್ತ ಮೂಳೆಯ ಮೇಲೆ ಕೂರುವ ಈಜು ಕನ್ನಡಕ ಹಾಕಿ ಮಲಗುವುದು. ಒಳಗೆ ತೇವ ನಿಲ್ಲುತ್ತದೆ, ಗಾಳಿ ತಾಗುವುದಿಲ್ಲ. ಪಟ್ಟಿ ಸಡಿಲವಿರಲಿ. ಫ್ಯಾನ್ ಇಲ್ಲದೆ ಮೈಸೂರಿನ ಏಪ್ರಿಲ್ ಕಳೆಯದು ನಿಜ. ಹಾಸಿಗೆಯ ದಿಕ್ಕು ಬದಲಿಸಿ ಗಾಳಿ ಕಾಲಿಗೆ ಬೀಳುವಂತೆ ಮಾಡಿ. ಬೆಳಿಗ್ಗೆ ಟೇಪನ್ನು ನೀರಿನಿಂದ ನೆನೆಸಿ, ಚರ್ಮ ಹಿಡಿದುಕೊಂಡು ನಿಧಾನ ತೆಗೆಯಿರಿ. ಕುದಿಸಿ ಆರಿಸಿದ ನೀರಿನಲ್ಲಿ ಬಟ್ಟೆ ಅದ್ದಿ ಒರೆಸಿ, ಮೊದಲ ಡ್ರಾಪ್ಸ್ ಹಾಕಿ.

ಅದೇ ದಿನ ಕಣ್ಣಾಸ್ಪತ್ರೆಗೆ ಹೋಗಬೇಕಾದ ಲಕ್ಷಣಗಳು

ಕರಿಗುಡ್ಡೆಯ ಮೇಲೆ ಬಿಳಿ ಚುಕ್ಕೆ ಕಂಡರೆ ಅದು ಹುಣ್ಣು. ‘ಕಣ್ಣಿಗೆ ಹೂ ಬಿದ್ದಿದೆ’ ಎಂದು ಹಳ್ಳಿಯಲ್ಲಿ ಹೇಳುವ ಕಲೆ ಎಷ್ಟೋ ಸಲ ಇಂಥ ಹುಣ್ಣು ಮಾಯ್ದ ಮೇಲೆ ಉಳಿದದ್ದೇ. ನೋವು ಹೆಚ್ಚಾದರೆ, ಬೆಳಕು ನೋಡಲಾಗದಿದ್ದರೆ, ಕೀವು ಬಂದರೆ, ಮುಲಾಮು ಒರೆಸಿದ ಮೇಲೂ ದೃಷ್ಟಿ ಮಂಜಾಗಿಯೇ ಇದ್ದರೆ ಮರುದಿನದವರೆಗೆ ಕಾಯಬೇಡಿ. ಸ್ಪರ್ಶವಿಲ್ಲದ ಕಣ್ಣಿನಲ್ಲಿ ನೋವು ಬರುವುದೇ ಇಲ್ಲ, ಆದ್ದರಿಂದ ಅವರು ದಿನವೂ ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಳ್ಳಬೇಕು, ಒಂದೊಂದೇ ಕಣ್ಣು ಮುಚ್ಚಿ ಗೋಡೆಯ ಕ್ಯಾಲೆಂಡರಿನ ಅಂಕಿ ಓದಬೇಕು. ಮುಚ್ಚದ ಕಣ್ಣನ್ನು ಮುಚ್ಚಲು ಅಂಗೈ ಅಡ್ಡ ಹಿಡಿದರಾಯಿತು.

ನರ ಮರಳದಿದ್ದರೆ

ಬೆಲ್ಸ್ ಪಾಲ್ಸಿಯಾದ ಹೆಚ್ಚಿನವರಲ್ಲಿ ಮೂರು ವಾರಗಳೊಳಗೆ ಚೇತರಿಕೆ ಶುರುವಾಗುತ್ತದೆ. ಮೂರು ತಿಂಗಳಾದರೂ ಮುಖ ಪೂರ್ತಿ ಮರಳದಿದ್ದರೆ, ಅಥವಾ ಸೋಲು ವಾರಗಟ್ಟಲೆ ನಿಧಾನವಾಗಿ ಏರುತ್ತ ಬಂದಿದ್ದರೆ, ಬೇರೆ ಕಾರಣ ಹುಡುಕಲು ಸ್ಕ್ಯಾನ್ ಬೇಕಾಗುತ್ತದೆ. ಮುಖಕ್ಕೆ ಕರೆಂಟ್ ಕೊಡಿಸಿದರೆ ಬೇಗ ಸರಿಹೋಗುತ್ತದೆ ಎನ್ನುವ ಮಾತಿಗೆ ಗಟ್ಟಿ ಪುರಾವೆಯಿಲ್ಲ. ಅದಕ್ಕೆ ಸುರಿಯುವ ಹಣವನ್ನು ಒಳ್ಳೆಯ ಡ್ರಾಪ್ಸ್‌ಗೆ ಹಾಕಬಹುದು ಎಂಬುದು ನನ್ನ ಅಭಿಪ್ರಾಯ. ಕನ್ನಡಿ ಎದುರು ಕುಳಿತು ಮಾಡುವ ಮುಖದ ವ್ಯಾಯಾಮವನ್ನು ಫಿಸಿಯೊಥೆರಪಿಯವರಿಂದ ಕಲಿತು ಮಾಡುವುದು ಬೇರೆ ವಿಷಯ, ಅದು ಉಪಯುಕ್ತ.

ಕಣ್ಣು ಅಪಾಯದಲ್ಲಿದ್ದರೆ ವೈದ್ಯರು ನರಕ್ಕಾಗಿ ಕಾಯದೆ ರೆಪ್ಪೆಗಳ ಹೊರಮೂಲೆಯನ್ನು ಸ್ವಲ್ಪ ಹೊಲಿಯಲು ಹೇಳಬಹುದು. ಹೊಲಿಗೆ ಎಂದೊಡನೆ ಜನ ಹೆದರುತ್ತಾರೆ, ಆದರೆ ಕಣ್ಣಿನ ನಡುಭಾಗ ತೆರೆದೇ ಇರುತ್ತದೆ, ನೋಟ ಉಳಿಯುತ್ತದೆ, ನರ ಮರಳಿದರೆ ಬಿಚ್ಚಲೂ ಬರುತ್ತದೆ. ಜೋಲುಬಿದ್ದ ಕೆಳರೆಪ್ಪೆಯನ್ನು ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ ಇದೆ. ಗಾಯದಿಂದ ಎಳೆದುಕೊಂಡ ರೆಪ್ಪೆಗೆ ಬೇರೆಡೆಯ ಚರ್ಮ ಕಸಿ ಮಾಡುತ್ತಾರೆ. ಕುಷ್ಠದಿಂದ ರೆಪ್ಪೆ ಸೋತವರಿಗೆ ಕಣತಲೆಯ, ಅಂದರೆ ಹಣೆಯ ಪಕ್ಕದ, ಅಗಿಯುವ ಸ್ನಾಯುವಿನ ಪಟ್ಟಿಯನ್ನು ರೆಪ್ಪೆಗೆ ತಂದು ಜೋಡಿಸುವ ಪದ್ಧತಿಯಿದೆ. ಆಮೇಲೆ ಹಲ್ಲು ಕಚ್ಚಿದರೆ ಕಣ್ಣು ಮುಚ್ಚುತ್ತದೆ, ಅದನ್ನು ಅಭ್ಯಾಸ ಮಾಡಿಕೊಳ್ಳಬೇಕು. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮಗೆ ಹೇಳಿದ ಶಸ್ತ್ರಚಿಕಿತ್ಸೆ ಸೇರುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಮೊದಲೇ ವಿಚಾರಿಸಲಿ. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಅದರಲ್ಲಿ ಅವಕಾಶವಿದೆ.

ಇನ್ನೊಂದು ವಿಧಾನ ಮೇಲಿನ ರೆಪ್ಪೆಯ ಚರ್ಮದಡಿ ಒಂದು ಗ್ರಾಂ ಆಸುಪಾಸಿನ ಚಿನ್ನದ ಅಥವಾ ಪ್ಲಾಟಿನಂ ತುಣುಕನ್ನು ಇಡುವುದು. ಎತ್ತುವ ಸ್ನಾಯು ಸಡಿಲಿಸಿದೊಡನೆ ಆ ಭಾರಕ್ಕೆ ರೆಪ್ಪೆ ಇಳಿಯುತ್ತದೆ. ಎಷ್ಟು ತೂಕ ಬೇಕೆಂದು ಮೊದಲು ರೆಪ್ಪೆಯ ಹೊರಗೆ ಅಂಟಿಸಿ ನೋಡುತ್ತಾರೆ. ಕುಳಿತಾಗ, ನಿಂತಾಗ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅಂಗಾತ ಮಲಗಿದಾಗ ಭಾರ ಕೆಳಕ್ಕೆ ಎಳೆಯುವ ದಿಕ್ಕೇ ಬದಲಾಗುವುದರಿಂದ ರೆಪ್ಪೆ ತುಸು ತೆರೆದುಕೊಳ್ಳಬಹುದು. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಬೇಕು, ರಾತ್ರಿಯ ಮುಲಾಮು ಮುಂದುವರಿಸಬೇಕು. ಈ ಲೋಹಗಳು ಅಯಸ್ಕಾಂತಕ್ಕೆ ಅಂಟುವಂಥವಲ್ಲ. ಆದರೂ ಮುಂದೆ ಎಂದಾದರೂ ಎಂಆರ್‌ಐ ಮಾಡಿಸುವಾಗ ಅಲ್ಲಿನ ಸಿಬ್ಬಂದಿಗೆ ಮೊದಲೇ ತಿಳಿಸಬೇಕು. ಶಸ್ತ್ರಚಿಕಿತ್ಸೆಯ ಚೀಟಿಯ ಒಂದು ಪ್ರತಿಯನ್ನು ಆಧಾರ್ ಕಾರ್ಡಿನ ಜೊತೆಗೇ ಇಟ್ಟುಕೊಂಡಿರಿ.